ಅಖಿಲ ಮೆಟ್ಟಿಲು ಸಂರಕ್ಷಣಾ ಮಹಾಮಂಡಳಿ

ಮೂರನೇ ಮಹಡಿ,
ಶನಿವಾರ, ಜೂನ್ ೭

ಪ್ರೀತಿಯ ಅಜ್ಜೀ,

ಹೇಗಿದ್ದೀಯ? ನಿನ್ನ ಮಂಡಿ ಹೇಗಿದೆ? ಎರಡನ್ನೂ ಬೇರೆ ಬೇರೆಯಾಗಿಯೇ ಕೇಳುತ್ತಿದ್ದೇನೆ. ಫೋನಿನಲ್ಲಿ ನೀನು ಮಂಡಿಯ ಸಮಾಚಾರವನ್ನು ವಿವರವಾಗಿ ಕೊಟ್ಟು ನಿನ್ನ ಸಮಾಚಾರ ನುಂಗಿಬಿಡುತ್ತೀಯ. ಕೋಲು ಊರದೆ ವರಾಂಡದಲ್ಲಿ ಹನ್ನೊಂದು ಸುತ್ತು ಹಾಕಿದೆ ಎಂದು ಅತ್ತೆ ಹೇಳಿದಳು. ಹನ್ನೆರಡನೆಯದನ್ನು ಅವಳ ಕಣ್ಣು ತಪ್ಪಿಸಿ ಹಾಕಿರುತ್ತೀಯ ಎಂಬುದು ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಕೆಮ್ಮು ನಿಂತಿತು, ಬಚ್ಚಲ ನಲ್ಲಿ ತೊಟ್ಟಿಕ್ಕುವುದು ನಿಲ್ಲಲಿಲ್ಲ. ನಿನ್ನ ಮಂಚದ ಮೇಲೆ ಇಸ್ತ್ರಿ ಬಟ್ಟೆ ಪೇರಿಸುವ ಅಭ್ಯಾಸವನ್ನು ಅಮ್ಮ ಬಿಟ್ಟಿದ್ದಾಳೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೊಡವಿ, ದಿಂಬಿಗೆ ಹೊಸ ಕವರು ಹಾಕಿದ್ದಾಳೆ. ಲಿಫ್ಟು ಬಂದ ದಿನವೇ ನೀನು ಬರುತ್ತೀಯ ಎಂದು ಅವಳ ಲೆಕ್ಕ. ಆ ಲಿಫ್ಟಿನ ವಿಷಯಕ್ಕೇ ಈ ಕಾಗದ. ಫೋನಿನಲ್ಲಿ ಹೇಳಲು ಮೂರು ಸಲ ಹೊರಟೆ. ಮೂರು ಸಲವೂ ನನ್ನ ದನಿ ಕೇಳಿದ್ದೇ ತಡ ನೀನು ನಗಲು ಶುರುಮಾಡಿದೆ, ನಾನೂ ಏನೋ ತರಲೆ ಹೇಳಿ ಇಟ್ಟುಬಿಟ್ಟೆ. ಕಾಗದವಾದರೆ ನೀನು ನಗುವುದು ನನಗೆ ಕೇಳಿಸುವುದಿಲ್ಲ, ನಗು ನಿಲ್ಲಿಸುವುದೂ ಕೇಳಿಸುವುದಿಲ್ಲ.

ನಮ್ಮಂಥವರಿಗೆ ಲಿಫ್ಟು ಕೊಡುವ ಪುಣ್ಯಾತ್ಮರು ಯಾರು ಎಂದು ನೀನು ಕೇಳಿದ್ದೆಯಲ್ಲ, ಅದನ್ನು ಮೊದಲು ಹೇಳುತ್ತೇನೆ. ಬಡಾವಣೆಗಳ ಸುಧಾರಣೆಗೆ, ಹಳೆಯ ಮನೆಗಳ ದುರಸ್ತಿಗೆ ಎಂದು ಕೇಂದ್ರ ಸರ್ಕಾರ ಪ್ರತಿ ವರ್ಷ ನಗರಸಭೆಗೆ ಅನುದಾನ ಕೊಡುತ್ತದೆ. ಅದನ್ನು ನಗರಸಭೆ ಮನಸ್ಸಿಗೆ ಬಂದಂತೆ ಖರ್ಚು ಮಾಡುವ ಹಾಗಿಲ್ಲ. ಯಾವ ಬೀದಿಗೆ ಏನು ಎಂದು ಕರಡು ಯೋಜನೆ ಬರೆದು, ಮೂವತ್ತು ದಿನ ಬೋರ್ಡಿಗೆ ಹಾಕಿ, ಜನರನ್ನು ಕರೆದು ಸಭೆ ಮಾಡಿ, ಬಂದ ಒಂದೊಂದು ಅಭಿಪ್ರಾಯಕ್ಕೂ ಲಿಖಿತ ಉತ್ತರ ಕೊಡಬೇಕು. ಈ ಸಲದ ಯೋಜನೆಯಲ್ಲಿ ಹದಿನಾಲ್ಕನೇ ಬಾಬ್ತು ನಮ್ಮ ಕಟ್ಟಡ. ಹೊರಗಿನ ಮೆಟ್ಟಿಲು ಒಡೆದು ಹೊಸದು ಕಟ್ಟುವುದು, ಪಕ್ಕದಲ್ಲಿ ನಾಲ್ಕು ಜನ ಹಿಡಿಸುವ ಒಂದು ಲಿಫ್ಟು. ಇದಕ್ಕಾಗಿ ಕೆಳಮನೆಯ ಟೈಲರ್ ಮಾವ ಮಿಷನ್ನು ನಿಲ್ಲಿಸಿ ನಿಲ್ಲಿಸಿ ಕಚೇರಿಗೆ ಅಲೆದಿದ್ದಾರೆ. ಅವರ ಅರ್ಜಿಯ ಮೊದಲ ಸಾಲಿನಲ್ಲೇ ನೀನಿದ್ದೀಯ: ‘ಮೂರನೇ ಮಹಡಿಯ ಹಿರಿಯರೊಬ್ಬರು ಎಂಟು ತಿಂಗಳಿಂದ ಸ್ವಂತ ಮನೆಗೆ ಹತ್ತಲಾಗದೆ ಮಗಳ ಮನೆಯಲ್ಲಿದ್ದಾರೆ.’

ಸಭೆ ನಡೆದದ್ದು ಗ್ರಂಥಾಲಯದ ಓದುವ ಕೋಣೆಯಲ್ಲಿ. ನಮ್ಮ ಮನೆಯ ಪರವಾಗಿ ಒಂದು ಮಾತು ಆಡಿ ಬಾ ಎಂದು ಅಮ್ಮ ನನ್ನನ್ನು ಕಳಿಸಿದ್ದಳು. ನಾನು ಆಡಲಿಲ್ಲ. ಅನುದಾನದ ಕೆಲಸ ನೋಡಿಕೊಳ್ಳುವ ಮೇಡಂ ಬಾಬ್ತು ಒಂದು, ಬಾಬ್ತು ಎರಡು ಎಂದು ಒಂದೇ ರಾಗದಲ್ಲಿ ಓದುತ್ತಿದ್ದರು. ಪಕ್ಕದಲ್ಲಿ ನನ್ನ ಗೆಳತಿ ಆಕಳಿಸುತ್ತಿದ್ದಳು. ಮುಂದೆ ಅಭಿಪ್ರಾಯ ಬರೆಯುವ ಖಾಲಿ ಹಾಳೆ. ಖಾಲಿ ಹಾಳೆ ಕಂಡರೆ ನನ್ನ ಕೈ ಏನಾಗುತ್ತದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬರೆದದ್ದನ್ನು ಹಾಗೇ ಕೊಡುತ್ತೇನೆ, ಇಲ್ಲಿ ಒಂದಕ್ಷರ ಬಿಟ್ಟರೂ ಅದು ಎರಡನೇ ಸುಳ್ಳಾಗುತ್ತದೆ:

‘ಮಾನ್ಯರೇ, ಬಾಬ್ತು ಹದಿನಾಲ್ಕರಲ್ಲಿ ತಾವು ಒಡೆಯಲು ಹೊರಟಿರುವುದು ಸಾಮಾನ್ಯ ಮೆಟ್ಟಿಲುಗಳನ್ನಲ್ಲ. ಐನೂರು ವರ್ಷಗಳ ಹಿಂದೆ ಅಜ್ಞಾತ ರಾಜವಂಶವೊಂದು, ಶತ್ರುಗಳು ಹತ್ತುವಾಗಲೇ ಸುಸ್ತಾಗಿ ಶರಣಾಗಲಿ ಎಂಬ ಯುದ್ಧತಂತ್ರದಿಂದ ಇವನ್ನು ಕಟ್ಟಿಸಿತು. ಏಳನೇ ಮೆಟ್ಟಿಲ ಮೇಲೆ ಆ ಅರಸನ ಹಸ್ತಮುದ್ರೆ ಇಂದಿಗೂ ಇದೆ. ಇದನ್ನು ಒಡೆದರೆ ಇತಿಹಾಸದ ಮಂಡಿ ಮುರಿದಂತೆ. ಇಂತಿ, ಅಧ್ಯಕ್ಷೆ, ಅಖಿಲ ಮೆಟ್ಟಿಲು ಸಂರಕ್ಷಣಾ ಮಹಾಮಂಡಳಿ.’

ಮಂಡಿ ಎಂದೇ ಬರೆದೆ, ಅಜ್ಜಿ. ಬರೆಯುವಾಗ ನಿನ್ನ ನೆನಪೇ ಬರಲಿಲ್ಲ. ಗೆಳತಿ ಮೂಗಿನಲ್ಲಿ ನಕ್ಕಳು, ಅಷ್ಟು ಸಾಕಾಯಿತು. ಹಾಳೆಯನ್ನು ಪೆಟ್ಟಿಗೆಗೆ ಹಾಕಿ ಬಂದೆವು.

ಮೂರು ವಾರಕ್ಕೆ ಕಟ್ಟಡದ ಬಾಗಿಲಿಗೆ ನೋಟಿಸು ಅಂಟಿತು. ಮಹಾಮಂಡಳಿಯವರ ಆಕ್ಷೇಪಣೆಯ ಮೇರೆಗೆ ಬಾಬ್ತು ಹದಿನಾಲ್ಕನ್ನು ತಡೆಹಿಡಿಯಲಾಗಿದೆ. ಐವತ್ತು ವರ್ಷ ದಾಟಿದ್ದನ್ನು ಪುರಾತತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ಒಡೆಯುವಂತಿಲ್ಲ, ಆದ್ದರಿಂದ ಮೆಟ್ಟಿಲು ಅಷ್ಟು ಹಳೆಯದೋ ಅಲ್ಲವೋ ಎಂದು ಮೊದಲು ತೀರ್ಮಾನವಾಗಬೇಕು. ಈ ತಿಂಗಳೊಳಗೆ ಆಗದಿದ್ದರೆ ಹಣ ಹದಿನೈದನೇ ಬಾಬ್ತಿಗೆ, ಅಂದರೆ ಬಸ್ ನಿಲ್ದಾಣದ ಹಿಂದಿನ ಚರಂಡಿಗೆ ಹೋಗುತ್ತದೆ. ಮತ್ತೆ ನಮ್ಮ ಸರದಿ ಬರಲು ಮೂರು ವರ್ಷವೋ ನಾಲ್ಕೋ. ಅಮ್ಮ ಅದನ್ನು ಎರಡು ಸಲ ಓದಿ, “ಯಾರು ಈ ಮನೆಹಾಳರು? ಇವರ ಮನೇಲಿ ವಯಸ್ಸಾದವರು ಯಾರೂ ಇಲ್ವಾ?” ಎಂದಳು. ಪಕ್ಕದಲ್ಲಿ ನಿಂತಿದ್ದ ನಾನು, ನಾಚಿಕೆಯಾಗಬೇಕು ಅವರಿಗೆ ಎಂದೆ. ಟೈಲರ್ ಮಾವ ಮಹಾಮಂಡಳಿಯ ವಿರುದ್ಧ ಸಹಿ ಸಂಗ್ರಹಕ್ಕೆ ಹೊರಟರು. ಖಂಡನಾ ಪತ್ರ ಬರೆಯಲು ಅವರಿಗೆ ಸಿಕ್ಕಿದ್ದು ಯಾರು ಹೇಳು? “ನಿನ್ನ ಭಾಷೆ ಚೆನ್ನಾಗಿದೆ ಕಣಮ್ಮ, ಅವರು ಮತ್ತೆ ತಲೆ ಎತ್ತಬಾರದು, ಹಾಗೆ ಬರಿ” ಎಂದರು. ಬರೆದೆ. ‘ಸಮಾಜಘಾತುಕ ಶಕ್ತಿ’ ಎಂಬ ಮಾತು ನನ್ನದೇ, ಮೊದಲ ಸಹಿಯೂ ನನ್ನದೇ. ನಿನ್ನ ಮೊಮ್ಮಗಳು ತನ್ನನ್ನು ತಾನೇ ಖಂಡಿಸಿ, ಅದಕ್ಕೆ ಮೂವತ್ತೆಂಟು ಜನರ ಬೆಂಬಲವನ್ನೂ ಗಳಿಸಿದ್ದಾಳೆ. ಪುರಾತತ್ವದವರಿಬ್ಬರು ಬಂದು ಟೇಪು ಹಿಡಿದು ಅಳೆದರು. ಐನೂರಂತೂ ಅಲ್ಲ, ಇದು ಸಿಮೆಂಟು. ಆದರೆ ಐವತ್ತು ದಾಟಿದೆಯೋ ಇಲ್ಲವೋ ಕಣ್ಣಳತೆಯಲ್ಲಿ ಹೇಳಲಾಗದು ಎಂದು, ಏಳನೇ ಮೆಟ್ಟಿಲಿಗೆ ‘ತುಳಿಯಬಾರದು’ ಎಂಬ ಚೀಟಿ ಅಂಟಿಸಿ ಹೋದರು. ಅಪ್ಪ ಯಾರನ್ನೂ ಬಯ್ಯಲಿಲ್ಲ. ಒಳಗೆ ಹೋಗಿ, ನಿನ್ನ ದಿಂಬಿನ ಹೊಸ ಕವರು ಧೂಳಾಗದಿರಲೆಂದು ಮೇಲೊಂದು ಟವೆಲು ಹೊದಿಸಿದ.

ಆ ಟವೆಲನ್ನು ಎರಡು ದಿನ ನೋಡಿದೆ. ಮೂರನೇ ದಿನ ನಗರಸಭೆಗೆ ಹೋಗಿ ಮೇಡಂ ಮುಂದೆ ನಿಂತು, ಅಧ್ಯಕ್ಷೆ ನಾನೇ ಎಂದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕಡತದಿಂದ ನನ್ನ ಹಾಳೆ ತೆಗೆದರು. ಅದಕ್ಕೆ ನಂಬರು ಬಿದ್ದಿತ್ತು, ಮೊಹರು ಬಿದ್ದಿತ್ತು, ಅಂಚಿನಲ್ಲಿ ಮೂರು ಜನರ ಸಹಿ ಇತ್ತು. “ಓದಿ ನಾನೂ ನಕ್ಕೆ ಕಣಮ್ಮ. ಆದ್ರೆ ನಕ್ಕೆ ಅಂತ ಬರೆಯೋಕೆ ಈ ಫೈಲಲ್ಲಿ ಕಾಲಂ ಇಲ್ಲ. ಇವತ್ತು ನಿನ್ನದನ್ನ ತಮಾಷೆ ಅಂತ ಬದಿಗಿಟ್ರೆ, ನಾಳೆ ನಿಜವಾಗ್ಲೂ ಕಷ್ಟ ಹೇಳ್ಕೊಂಡವರದ್ದನ್ನೂ ಯಾರೋ ಹಾಗೇ ಬದಿಗಿಡ್ತಾರೆ” ಎಂದರು. ಮಾತು ಹಿಂದಕ್ಕೆ ಪಡೆದರಷ್ಟೇ ಸಾಲದಂತೆ. ಹಳೆಯದು ಎಂಬ ಆಕ್ಷೇಪಣೆ ಬಂದಮೇಲೆ, ಹಳೆಯದಲ್ಲ ಎಂದು ತೋರಿಸಲೇಬೇಕು. ಮೆಟ್ಟಿಲನ್ನು ನಿವಾಸಿಗಳೇ ಸೇರಿ ಕಟ್ಟಿಕೊಂಡಿದ್ದರಿಂದ ನಗರಸಭೆಯಲ್ಲಿ ದಾಖಲೆಯಿಲ್ಲ. ಕಟ್ಟುವಾಗ ಕಣ್ಣಾರೆ ಕಂಡವರು ಬರೆದುಕೊಡಬೇಕು. ಗಾರೆ ಕೆಲಸ ಮಾಡುತ್ತಿದ್ದ ನಮ್ಮ ತಾತನೇ ಅಪ್ಪ ಹುಟ್ಟಿದ ವರ್ಷ ಅದನ್ನು ಕಟ್ಟಿದ್ದು ಎಂದು ನನಗೆ ಗೊತ್ತೇ ಇತ್ತು. ಅಪ್ಪನಿಗೆ ಈಗ ನಲವತ್ತನಾಲ್ಕು. ಗೊತ್ತಿದ್ದೂ ಐನೂರು ಎಂದಿದ್ದೆ. ಆಗಿನವರಲ್ಲಿ ಉಳಿದಿರುವವಳು ನೀನೊಬ್ಬಳೇ.

ವಾಪಸು ಬಂದು ಏಳನೇ ಮೆಟ್ಟಿಲ ಪಕ್ಕ ಕುಳಿತೆ. ಒದ್ದೆ ಬಟ್ಟೆ ತಂದು ಅರಸನ ಹಸ್ತವನ್ನು ಒರೆಸಿದೆ. ಮಣ್ಣು ಬಿಟ್ಟಮೇಲೆ ಗೆರೆ ಗೆರೆಯಾಗಿ ಕಂಡಿತು. ಸಣ್ಣ ಕೈ, ಗಾರೆಯವರದ್ದಲ್ಲ. ಕಿರುಬೆರಳು ತುದಿಯಲ್ಲಿ ಹೊರಕ್ಕೆ ಸೊಟ್ಟ. ಆ ಬೆರಳು ನನಗೆ ಹಳೆಯ ಪರಿಚಯ. ನೀನು ಕಿವಿ ಹಿಂಡುವಾಗ ಅದೊಂದು ಮಾತ್ರ ಉಳಿದವುಗಳ ಜೊತೆ ಸೇರದೆ ಕೆನ್ನೆಗೆ ಚುಚ್ಚುತ್ತದೆ. ಆಮೇಲೆ ನೆನಪಾಯಿತು. ಮೆಟ್ಟಿಲು ಹತ್ತುವಾಗ ನೀನು ಅಲ್ಲಿ ಒಂದು ಗಳಿಗೆ ನಿಂತು, ಅದನ್ನು ತುಳಿಯದೆ ದಾಟುತ್ತಿದ್ದೆ. ಮಂಡಿ ಕೆಟ್ಟಮೇಲೂ ದಾಟಿದೆ. ನಾನು ಸೊಂಟಕ್ಕೆ ಕೈಕೊಟ್ಟು, ಉಸ್ಸೆಂದು, ಒಂದು ಮೆಟ್ಟಿಲು ಹಾರಿ, ಎಲ್ಲರೆದುರು ಅದನ್ನು ಅಣಕಿಸಿ ತೋರಿಸುತ್ತಿದ್ದೆ. ನೀನೂ ನಗುತ್ತಿದ್ದೆ. ಯಾಕೆ ದಾಟುತ್ತೀಯ ಎಂದು ಒಂದು ಸಲವೂ ಕೇಳಲಿಲ್ಲ. ಹಸಿ ಸಿಮೆಂಟಿನಲ್ಲಿ ನಿನ್ನ ಕೈ ಹಿಡಿದು ಒತ್ತಿಸಿದ್ದು ತಾತನೇ ಇರಬೇಕು. ಈಗ ಚೀಟಿಯ ದೆಸೆಯಿಂದ ಇಡೀ ಕಟ್ಟಡ ನಿನ್ನ ಹಾಗೆಯೇ ಏಳನೆಯದನ್ನು ದಾಟಿ ಹತ್ತುತ್ತದೆ. ನೀನೊಬ್ಬಳು ಇಲ್ಲ.

ಇಪ್ಪತ್ತರ ಶುಕ್ರವಾರ ಮತ್ತೆ ಸಭೆ. ಎದ್ದು ನಿಂತು ನನ್ನ ಸುಳ್ಳನ್ನು ನಾನೇ ಓದಿ, ಸುಳ್ಳು ಎನ್ನಬೇಕು. ಟೈಲರ್ ಮಾವ ಮೊದಲ ಸಾಲಿನಲ್ಲಿರುತ್ತಾರೆ. ಈ ಕಾಗದ ಅಂಚೆಗೆ ಹಾಕಿದ ಕೂಡಲೇ ಅಮ್ಮನಿಗೂ ಅಪ್ಪನಿಗೂ ಹೇಳುತ್ತೇನೆ. ಎಲ್ಲರಿಗಿಂತ ಮೊದಲು ನಿನಗೆ ಹೇಳಬೇಕೆನಿಸಿತು. ಕ್ಷಮಿಸು ಎಂದು ಬರೆದರೆ ನೀನು ಓದಿದ ಕೂಡಲೇ ಕ್ಷಮಿಸಿಬಿಡುತ್ತೀಯ, ಅದಕ್ಕೇ ಬರೆದಿಲ್ಲ. ನಾಲ್ಕು ದಿನವಾದರೂ ಕೋಪ ಮಾಡಿಕೊ.

ಅತ್ತೆಗೆ ನನ್ನ ನೆನಪು ಹೇಳು. ನಿನ್ನ ನೋವಿಲ್ಲದ ಕಾಲಿಗೆ ಒಂದು, ನೋವಿರುವ ಕಾಲಿಗೆ ಎರಡು ನಮಸ್ಕಾರ.

ನಿನ್ನ ತರಲೆ,
ಮಾಜಿ ಅಧ್ಯಕ್ಷೆ

ತಾ.ಕ.: ಅಂಚೆಯವರು ಡಬ್ಬಿ ತೆಗೆಯಲು ಇನ್ನು ಹತ್ತು ನಿಮಿಷವಿದೆ. ಒಳಗೆ ಎರಡು ಖಾಲಿ ಹಾಳೆ ಇಟ್ಟಿದ್ದೇನೆ. ಒಂದರಲ್ಲಿ ಮೆಟ್ಟಿಲು ಕಟ್ಟಿದ್ದು ಯಾರು, ಯಾವ ವರ್ಷ ಎಂದು ನಿನ್ನ ಕೈಯಾರೆ ಬರೆದು ಸಹಿ ಮಾಡು. ಇನ್ನೊಂದರ ಮೇಲೆ ಬಲಗೈ ಊರಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಸಿ ಕಳಿಸು. ನೀನು ಮದುವೆಯಾಗಿ ಈ ಮನೆಗೆ ಬಂದದ್ದೇ ನಲವತ್ತಾರು ವರ್ಷದ ಹಿಂದೆ. ಕೈ ನಿನ್ನದೇ ಎಂದಾದರೆ ಮೆಟ್ಟಿಲು ಅದಕ್ಕಿಂತ ಹಳೆಯದಾಗಲಾರದು, ಅಷ್ಟು ಸಾಕು ಎಂದರು ಮೇಡಂ, ಹಸ್ತದ ವಿಷಯ ಹೇಳಲು ನಾನು ಮತ್ತೆ ಹೋದಾಗ. ಹತ್ತೊಂಬತ್ತರ ಗುರುವಾರದೊಳಗೆ ಇಲ್ಲಿ ಸೇರಬೇಕು. ಒಡೆಯುವಾಗ ಏಳನೇ ಮೆಟ್ಟಿಲನ್ನು ಮಾತ್ರ ಇಡಿಯಾಗಿ ಕೊಯ್ದು ನಮಗೆ ಕೊಡಿ ಎಂದು ಬೇರೆ ಅರ್ಜಿ ಕೊಟ್ಟಿದ್ದೇನೆ. ಅದರಲ್ಲಿ ಮೊಮ್ಮಗಳು ಎಂದಷ್ಟೇ ಸಹಿ ಹಾಕಿದ್ದೇನೆ. ಗೆರೆ ಎಳೆಯುವಾಗ ಅತ್ತೆ ನಿನ್ನ ಕಿರುಬೆರಳನ್ನು ನೆಟ್ಟಗೆ ಮಾಡಲು ಬರುತ್ತಾಳೆ, ಬಿಡಬೇಡ. ಅದು ಹೇಗಿದೆಯೋ ಹಾಗೇ ಬರಲಿ.