ನನ್ನ ಮಗನ ಮೇಲಿನ ದೂರು ಬರೆದುಕೊಳ್ಳಿ

ಮಾನ್ಯ ಠಾಣಾಧಿಕಾರಿಗಳೇ,

ಕಳೆದ ವಾರ ಸೊಸೆಯನ್ನು ಕರೆದುಕೊಂಡು ನಿಮ್ಮ ಠಾಣೆಗೆ ಬಂದು, ನನ್ನ ಮಗ ಇವಳಿಗೆ ಹೊಡೆಯುತ್ತಾನೆ ಎಂದೆ. ತಾವು ದೂರು ಬರೆದುಕೊಳ್ಳಲಿಲ್ಲ. ನಗುತ್ತಾ, "ಏನಮ್ಮಾ, ಧಾರಾವಾಹಿ ಜಾಸ್ತಿ ನೋಡ್ತೀರಾ?" ಎಂದಿರಿ. ಆಮೇಲೆ ಅವನಿಗೇ ಫೋನು ಮಾಡಿ ಕರೆಸಿ, ಚಹಾ ಕೊಟ್ಟು, ನಮ್ಮಿಬ್ಬರನ್ನೂ ಅವನ ಕೈಗೆ ಒಪ್ಪಿಸಿದಿರಿ. ಕಳೆದುಹೋದ ಸಾಮಾನನ್ನು ವಾರಸುದಾರರಿಗೆ ಮುಟ್ಟಿಸುವುದರಲ್ಲಿ ತಮ್ಮ ಇಲಾಖೆ ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ.

ತಮ್ಮ ಊಹೆ ಸರಿ, ಧಾರಾವಾಹಿ ನೋಡಿಯೇ ಬಂದೆ. ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ನೋಡುವ ಕೋರ್ಟಿನ ಕಥೆ ಅದು. ಹೆಂಡತಿಯನ್ನು ಗುಟ್ಟಾಗಿ ಹಿಂಸಿಸುವ ದೊಡ್ಡ ಮನುಷ್ಯನೊಬ್ಬ ಕಟಕಟೆಯಲ್ಲಿ ನಿಂತಾಗಲೆಲ್ಲ ನನ್ನ ಮಗ ಹಲ್ಲು ಕಡಿಯುತ್ತಾ, "ಇಂಥೋರನ್ನ ಸುಮ್ನೆ ಬಿಡಬಾರ್ದಮ್ಮ" ಅನ್ನುತ್ತಿದ್ದ. ಸೊಸೆ ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಒಂದು ಸಂಚಿಕೆಯಲ್ಲಿ ವಕೀಲೆ ಆ ಹೆಂಗಸಿಗೆ ರವಿಕೆಯ ತೋಳು ಮಡಚಿ ತೋರಿಸಲು ಹೇಳಿದಳು. ಗಾಯಗಳನ್ನು ಕಂಡು ಇಡೀ ನ್ಯಾಯಾಲಯ ದಂಗಾಯಿತು. ಇಷ್ಟು ದಿನ ಇದು ಮನೆಯವರ ಕಣ್ಣಿಗೆ ಬೀಳಲಿಲ್ಲವೇ ಎಂದು ವಕೀಲೆ ಕೇಳಿದಳು. ಸೊಸೆ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮರುದಿನವೇ ನಾವು ಠಾಣೆಗೆ ಬಂದೆವು.

ನನ್ನ ಮುಖವನ್ನೇ ಯಾಕೆ ನೋಡಿದಳೆಂದರೆ, ನಾನು ದರ್ಜಿ. ಮದುವೆಯಾಗಿ ಬಂದಾಗ ಅವಳ ರವಿಕೆಗಳಿಗೆಲ್ಲ ಗಿಡ್ಡ ತೋಳಿತ್ತು. ಮೊದಲ ಸಲ ಮೊಣಕೈ ಮೇಲೆ ಬೆರಳಿನ ಕಪ್ಪು ಗುರುತು ಕಂಡಾಗ ನಾನೇ ಅಳತೆ ಟೇಪು ತಂದು, "ಬಾಮ್ಮ, ತೋಳು ಸ್ವಲ್ಪ ಉದ್ದ ಮಾಡ್ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂದೆ. ಆಮೇಲೆ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿದೆ, ಕತ್ತಿಗೆ ಎತ್ತರದ ಕಾಲರ್ ಇಟ್ಟೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಪಕ್ಕದ ಮನೆಯಾಕೆ ತನಗೂ ಅಂಥದ್ದೇ ಬೇಕೆಂದು ಬಟ್ಟೆ ತಂದುಕೊಟ್ಟಳು. ಹೊಗಳಿಕೆಗೆ ಉಬ್ಬಿ ಅದನ್ನೂ ಹೊಲಿದುಕೊಟ್ಟೆ. ಇದನ್ನು ಬರೆಯುವಾಗ ನಾಚಿಕೆಯಿಂದ ನನಗೆ ತಲೆ ಎತ್ತಲಾಗುತ್ತಿಲ್ಲ.

ಠಾಣೆಯಿಂದ ಮನೆಗೆ ಹೋದ ಮೇಲೆ ಏನಾಯಿತೆಂದು ತಾವು ವಿಚಾರಿಸಲಿಲ್ಲ. ಸೊಸೆಯ ಎಡಗೈ ಮುರಿದಿದೆ. ಅವಳೀಗ ತನ್ನ ಅಕ್ಕನ ಮನೆಯಲ್ಲಿದ್ದಾಳೆ. ತಮ್ಮ ಠಾಣೆಯಿಂದ ನನಗೆ ಕರೆ ಬಂತು: ಹುಡುಗ ಅತ್ತು ಕ್ಷಮೆ ಕೇಳಿದ್ದಾನೆ, ಸೋಮವಾರ ರಾಜಿ ಮಾಡಿಸೋಣ, ದೊಡ್ಡವರಾಗಿ ನೀವೇ ಸೊಸೆಗೆ ಬುದ್ಧಿ ಹೇಳಿ ಎಂದು. ಸ್ವಾಮೀ, ನಾನು ಇಷ್ಟು ವರ್ಷ ಹೇಳಿದ ಬುದ್ಧಿ ಸಾಲದೇ? ಅವನ ಅಳು ಸುಳ್ಳಲ್ಲ, ಹೊಡೆದ ಮೇಲೆಲ್ಲ ಅತ್ತಿದ್ದಾನೆ. ಚಿಕ್ಕವನಿದ್ದಾಗಿನಿಂದ ಆ ಅಳುವಿಗೆ ಕರಗಿದವಳು ನಾನು, ಹೆತ್ತ ಕರುಳು ಅಂತಿಟ್ಟುಕೊಳ್ಳಿ. ಸರ್ಕಾರದ ಸಂಬಳ ಪಡೆಯುವ ತಾವೂ ಕರಗಬೇಕೇ?

ಸೋಮವಾರ ಬರುತ್ತೇನೆ, ಆದರೆ ರಾಜಿಗೆ ಬರುವುದಿಲ್ಲ. ಸೊಸೆಯ ದೂರನ್ನು ದಾಖಲಿಸಿ. ಸಾಕ್ಷಿಯಾಗಿ ನನ್ನ ಹೇಳಿಕೆಯನ್ನೂ ಬರೆದುಕೊಳ್ಳಿ, ನಾನು ಮುಚ್ಚಿಟ್ಟದ್ದನ್ನೂ ಬಿಡದೆ ಸೇರಿಸಿ. ಇನ್ನೊಂದು ವಿನಂತಿಯಿದೆ. ನಾನು ಮಾತಾಡುವಾಗ ಅವನನ್ನು ನನ್ನೆದುರು ಕೂರಿಸಬೇಡಿ. ಅವನು ಒಮ್ಮೆ "ಅಮ್ಮಾ" ಅಂದರೆ ಸಾಕು, ಇಲ್ಲಿ ಬರೆದದ್ದೆಲ್ಲ ಸುಳ್ಳು ಅಂದುಬಿಡುತ್ತೇನೇನೋ ಎಂದು ನನಗೆ ಭಯ.

ಇಂತಿ,
ಇವತ್ತೂ ಅವನಿಗೆ ಊಟ ಬಡಿಸಿ ಬಂದಿರುವ
ಅವನ ತಾಯಿ