ಇಬ್ಬರು ಬೇಕೆಂದ ಬೀಗ

ಗ್ಯೋಟಿಂಗೆನ್
ಮೇ 19, ಸೋಮವಾರ

ನನ್ನ ವೀಬ್ಕೆ,

ನಿನ್ನೆ ಸಂಜೆ ನೀವಿಬ್ಬರೂ ರೈಲಿಗೆ ಹೊರಟ ಮೇಲೆ ಮೇಜು ಒರೆಸಿದೆ, ಕಾರ್ಡುಗಳನ್ನು ಜೋಡಿಸಿ ಪೆಟ್ಟಿಗೆಗೆ ಹಾಕಿದೆ, ಉಳಿದ ಆಲೂಗಡ್ಡೆ ಸಲಾಡನ್ನು ಪಾತ್ರೆಯಿಂದಲೇ ತಿಂದೆ. ಬೆಳಿಗ್ಗೆ ಎದ್ದಾಗಲೂ ಮನಸ್ಸಿಗೆ ಸಮಾಧಾನವಿಲ್ಲ. ಫೋನು ಮಾಡಿದರೆ ನೀನು "ಎಲ್ಲಾ ಚೆನ್ನಾಗಿದೆ ಅಮ್ಮ, ಸುಮ್ನೆ ಏನೇನೋ ಯೋಚ್ನೆ ಮಾಡ್ಬೇಡ" ಅನ್ನುತ್ತೀಯ. ಹಿಂದಿನಿಂದ ನಿನ್ನ ಗಂಡ "ಅತ್ತೇನ ಕೇಳ್ದೆ ಅಂತ ಹೇಳು" ಎಂದು ಕೂಗುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ಈ ಕಾಗದ. ಇದನ್ನು ನೀನೊಬ್ಬಳೇ ಓದು.

ನನ್ನ ಕಸುಬಿನ ಕಷ್ಟ ನಿನಗೆ ಗೊತ್ತೇ ಇದೆ. ನಾನು ಮಾಡುವ ಆಟಗಳಲ್ಲಿ ಮೇಜಿನ ಸುತ್ತ ಕೂತವರೆಲ್ಲ ಒಂದೇ ಕಡೆಯವರು. ಎಲ್ಲರೂ ಸೇರಿ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತಾರೆ, ಕಾರ್ಡು ಒಂದೊಂದನ್ನೇ ತಿರುಗಿಸಿ, ಸುಳಿವು ಹುಡುಕಿ, ಬೀಗಗಳನ್ನು ತೆರೆದು ಹೊರಗೆ ಬರಬೇಕು. ಒಮ್ಮೆ ಆಡಿದರೆ ಮುಗಿಯಿತು, ಉತ್ತರ ಗೊತ್ತಿರುವವರು ಮತ್ತೆ ಹುಡುಕುವುದೇನಿದೆ? ಹಾಗಾಗಿ ನಮ್ಮಲ್ಲಿ ಒಬ್ಬ ಮನುಷ್ಯ ಒಂದು ಆಟಕ್ಕೆ ಒಂದೇ ಸಲ ಉಪಯೋಗಕ್ಕೆ ಬರುತ್ತಾನೆ. ಈ ಉಪ್ಪಿನ ಗಣಿಯ ಆಟಕ್ಕೆ ನನ್ನ ಹಾಡಿನ ತಂಡದವರು ಖರ್ಚಾದರು, ಹಲ್ಲಿನ ಡಾಕ್ಟರೂ ಅವರ ಹೆಂಡತಿಯೂ ಖರ್ಚಾದರು, ಅಂಚೆಯವನೂ ಅವನ ಅತ್ತೆಯೂ ಖರ್ಚಾದರು. ಹೊಸ ಕಣ್ಣು ಎಂದು ಉಳಿದಿದ್ದವರು ನೀವಿಬ್ಬರೇ. ಕೊನೆಯ ಪರೀಕ್ಷೆಗೆ ಇರಲಿ ಎಂದು ನಿಮ್ಮನ್ನು ಉಪ್ಪಿನಕಾಯಿಯ ಹಾಗೆ ಮುಚ್ಚಿಟ್ಟಿದ್ದೆ.

ಪರೀಕ್ಷೆಯ ದಿನ ಆಟ ಮಾಡಿದವರು ಬಾಯಿ ಬಿಡುವಂತಿಲ್ಲ. ಆಡುವವರು ಎಷ್ಟೇ ಒದ್ದಾಡಲಿ, ಎಷ್ಟೇ ದಡ್ಡತನ ಮಾಡಲಿ, ಮುಖದಲ್ಲೂ ಏನೂ ತೋರಿಸದೆ ಮೂಲೆಯ ಕುರ್ಚಿಯಲ್ಲಿ ಕೂರಬೇಕು. ಹಾಗೆ ಕೂತೂ ಕೂತೂ ನಾನು ಕಾರ್ಡುಗಳನ್ನು ನೋಡುವುದನ್ನೇ ಬಿಟ್ಟಿದ್ದೇನೆ, ಮನುಷ್ಯರನ್ನು ನೋಡುತ್ತೇನೆ. ನಿನ್ನೆ ನೋಡಿದ್ದು ನನಗೆ ಹಿಡಿಸಲಿಲ್ಲ.

ನೀನು ಕಾರ್ಡಿಗೆ ಕೈ ಚಾಚುವ ಮೊದಲೇ ಟೋರ್ಬೆನ್ ಅದನ್ನು ಎತ್ತಿಕೊಳ್ಳುತ್ತಿದ್ದ. ಗಣಿಯ ದೀಪದ ಒಗಟು ನಿನಗೆ ಹೊಳೆದಿತ್ತು, ವೀಬ್ಕೆ. ಹೊಳೆದಾಗ ನಿನ್ನ ಹುಬ್ಬು ಹೇಗೆ ಮೇಲೇರುತ್ತದೆಂದು ನೀನು ಶಿಶುವಿಹಾರಕ್ಕೆ ಹೋಗುತ್ತಿದ್ದ ಕಾಲದಿಂದ ನೋಡಿದ್ದೇನೆ. ಆದರೆ ನೀನು ತುಟಿ ಬಿಚ್ಚಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತೆ. ಅವನು ಮಾತ್ರ ಹಣೆ ಚಚ್ಚಿಕೊಂಡು "ಆಹಾ, ಗೊತ್ತಾಯ್ತು! ಏಳು!" ಎಂದು ಕೂಗಿದ. ಗಾಡಿಗಳ ಒಗಟಿನಲ್ಲೂ ಹೀಗೇ, ಮೇಸ್ತ್ರಿಯ ಬೂಟಿನದರಲ್ಲೂ ಹೀಗೇ. ಚಿಕ್ಕವಳಿದ್ದಾಗ ಊಟದ ಮೇಜಿನಲ್ಲಿ ಬೇರೆ ಯಾರಿಗೂ ಮಾತಾಡಲು ಬಿಡದಿದ್ದ ಹುಡುಗಿ ನೀನು.

ಕೊನೆಯ ಬೀಗದ ಕತೆಯಂತೂ ಬೇಡ. ಗಣಿ ಕುಸಿದು ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಒಬ್ಬರ ಕೈಯಲ್ಲಿ ಗೋಡೆಯ ಚಿತ್ರ, ಅವರು ಬರೆಯುವಂತಿಲ್ಲ. ಇನ್ನೊಬ್ಬರ ಕೈಯಲ್ಲಿ ಪೆನ್ಸಿಲು, ಅವರು ಚಿತ್ರ ನೋಡುವಂತಿಲ್ಲ. ನಡುವೆ ಇರುವುದು ಬರೀ ದನಿ. ಗೆರೆಗಳು ಸರಿಬಿದ್ದರೆ ಬೀಗದ ಸಂಖ್ಯೆ ಮೂಡುತ್ತದೆ. ಹಾಡಿನ ತಂಡದವರು ಇದೊಂದಕ್ಕೇ ಮಧ್ಯಾಹ್ನವೆಲ್ಲ ಕಳೆದರು. ಡಾಕ್ಟರ ಹೆಂಡತಿ ಮನೆ ಮುಟ್ಟುವವರೆಗೂ ಗಂಡನ ಜೊತೆ ಮಾತು ಬಿಟ್ಟಿದ್ದಳಂತೆ. ನೀವು ಕಾಫಿ ಆರುವ ಮೊದಲೇ ಮುಗಿಸಿದಿರಿ! ನೀನು ಬಾಯಿ ತೆರೆದು ಏನೋ ಎರಡು ಮಾತು ಹೇಳುವಷ್ಟರಲ್ಲಿ ಅವನು ಪೂರ್ತಿ ಬರೆದು ಮುಗಿಸಿದ್ದ. ನಿನ್ನ ದನಿ ಅವನಿಗೆ ಬೇಕಾಗಿಯೇ ಇರಲಿಲ್ಲ. ನನಗೆ ಅಳು ಬಂತು, ಆದರೆ ಪರೀಕ್ಷೆಯ ದಿನ ಅದಕ್ಕೂ ಅವಕಾಶವಿಲ್ಲವಲ್ಲ.

ಪ್ರಕಾಶನದ ಅನ್ಸ್‌ಗರ್ ಮೂರು ತಿಂಗಳಿಂದ ನನ್ನ ಪ್ರಾಣ ತಿನ್ನುತ್ತಿದ್ದಾನೆ. "ಹೈಡ್ರುನ್, ಈಗ ಒಂಟಿಯಾಗಿ ಆಡೋರೇ ಜಾಸ್ತಿ. ಆ ಕೊನೇ ಬೀಗ ಒಂದು ತೆಗೆದುಬಿಡಿ, ಡಬ್ಬಿ ಮೇಲೆ 'ಒಬ್ಬರಿಂದ ನಾಲ್ವರವರೆಗೆ' ಅಂತ ಹಾಕ್ಬೋದು" ಅನ್ನುತ್ತಾನೆ. ಆಗುವುದಿಲ್ಲ ಎಂದು ಹಟ ಹಿಡಿದಿದ್ದೆ. ನಿನ್ನೆಯಿಂದ ಅವನ ಮಾತೇ ಸರಿ ಅನ್ನಿಸಿದೆ. ಇಬ್ಬರು ಕೂತರೆ ಇದೇ ಗತಿ ಎಂದಮೇಲೆ ಒಬ್ಬರೇ ಕೂತು ನೆಮ್ಮದಿಯಾಗಿ ಆಡಿಕೊಳ್ಳಲಿ. ಈ ವಾರ ಅವನಿಗೆ ಹಾಗೆಂದೇ ಬರೆಯುವವಳಿದ್ದೇನೆ.

ಟೋರ್ಬೆನ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಕೇಳದಿದ್ದರೂ ನನ್ನ ಮನೆಯ ಮಾಡಿನಂಚಿನ ಸೋರುವ ಮಳೆನೀರ ದೋಣಿ ಸರಿಮಾಡಿಕೊಟ್ಟವನು ಅವನು. ಕೇಳದೆಯೇ ನೆಲಮಾಳಿಗೆಯ ಬಾಗಿಲಿಗೆ ಹಸಿರು ಬಣ್ಣ ಬಳಿದವನೂ ಅವನೇ. ಆದರೆ ನಿನ್ನಪ್ಪನ ಜೊತೆ ಇದ್ದಾಗ ನಾನೂ ಹೀಗೆಯೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂರುತ್ತಿದ್ದೆ. ಯಾರಾದರೂ ನೋಡಿ ಒಂದು ಮಾತು ಕೇಳಲಿ ಎಂದು ಆಸೆಪಟ್ಟಿದ್ದೆ. ಯಾರೂ ಕೇಳಲಿಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ.

ನನ್ನ ಆಟದಲ್ಲಿ ಪ್ರತಿ ಒಗಟಿಗೂ ಮೂರು ಸುಳಿವಿನ ಕಾರ್ಡು ಇಡುತ್ತೇನೆ, ಮೂರನೆಯದು ಉತ್ತರವನ್ನೇ ಹೇಳಿಬಿಡುತ್ತದೆ. ನಿನಗೆ ಮೊದಲನೆಯದನ್ನಷ್ಟೇ ಕೊಡುತ್ತೇನೆ: ಬೇಕಾದದ್ದೆಲ್ಲ ನಿನ್ನ ಕೈಯಲ್ಲೇ ಇದೆ, ಈ ಮನೆಯ ಕೀಲಿಯೂ ಸೇರಿ.

ನಿನ್ನ
ಅಮ್ಮ

ತಾ.ಕ. ಕೊನೆಯ ಕಾರ್ಡಿನ ಮೂಲೆಯಲ್ಲಿ ಮೋರ್ಲೆಯ ಹಲ್ಲಿನ ಗುರುತಿದೆ. ಈ ಬೆಕ್ಕು ಎಂದೂ ನನ್ನ ಕೆಲಸದ ಮೇಜು ಹತ್ತಿದ್ದಲ್ಲ. ಈಸ್ಟರಿಗೆ ನಾನು ಬೋರ್ಕುಮ್ ದ್ವೀಪಕ್ಕೆ ಹೋಗುವಾಗ ಪೆಟ್ಟಿಗೆ ಮುಚ್ಚಿಯೇ ಹೋಗಿದ್ದ ನೆನಪು. ವಯಸ್ಸಾಯಿತು ನನಗೆ.


ಓಲ್ಡೆನ್‌ಬುರ್ಗ್
ಮೇ 22, ಗುರುವಾರ

ಪ್ರೀತಿಯ ಅಮ್ಮ,

ಅನ್ಸ್‌ಗರ್‌ಗೆ ಇನ್ನೂ ಬರೆದಿಲ್ಲ ತಾನೇ? ಬರೆದಿದ್ದರೆ ಇದನ್ನು ಓದಿದ ಕೂಡಲೇ ಫೋನು ಮಾಡಿ ತಡೆ.

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಎರಡಕ್ಕೂ ಕಾರಣ ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ನಿನಗೆ ವಯಸ್ಸಾಗಿಲ್ಲ. ಪೆಟ್ಟಿಗೆ ಮುಚ್ಚಿಯೇ ಇತ್ತು, ತೆರೆದವಳು ನಾನು. ನಾವಿಬ್ಬರೂ ಹೊಸ ಕಣ್ಣುಗಳಲ್ಲ ಅಮ್ಮ. ನಿನ್ನ ಉಪ್ಪಿನಕಾಯಿ ಜಾಡಿಗೆ ಈಸ್ಟರಿನಲ್ಲೇ ಕೈ ಹಾಕಿಯಾಗಿತ್ತು.

ಬೆಕ್ಕನ್ನು ನೋಡಿಕೊಳ್ಳುತ್ತೇನೆ ಎಂದು ಬಂದೆನಲ್ಲ, ಅದು ನೆಪ. ಮೋರ್ಲೆಗೆ ಅನ್ನ ಹಾಕಲು ಓಲ್ಡೆನ್‌ಬುರ್ಗಿನಿಂದ ಯಾರಾದರೂ ಬರಬೇಕೇ? ನಾನು ದೊಡ್ಡ ಸೂಟ್‌ಕೇಸು ತಂದಿದ್ದೆ. ಚಳಿಗಾಲದ ಕೋಟೂ ಅದರೊಳಗಿತ್ತು. ಟೋರ್ಬೆನ್‌ಗೆ ನಾಲ್ಕು ದಿನ ಇದ್ದು ಬರುತ್ತೇನೆ ಎಂದಿದ್ದೆ, ಮನಸ್ಸಿನಲ್ಲಿ ವಾಪಸು ಹೋಗುವ ಯೋಚನೆ ಇರಲಿಲ್ಲ.

ದೊಡ್ಡ ಜಗಳವೇನೂ ಆಗಿರಲಿಲ್ಲ. ಅವನು ಕುಡಿಯುವುದಿಲ್ಲ, ಕೂಗಾಡುವುದಿಲ್ಲ. "ತುಂಬಾ ಸುಸ್ತಾಗಿದೆ ಕಣೋ" ಎಂದರೆ ಬೆಳಗಾಗುವಷ್ಟರಲ್ಲಿ ಫ್ರಿಜ್ಜಿನ ಮೇಲೆ ಮೂವರು ಡಾಕ್ಟರ ನಂಬರು ಅಂಟಿಸಿರುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಇವತ್ತು ಬೇಜಾರಾಯಿತು ಎಂದರೆ ಊಟ ಮುಗಿಯುವ ಮೊದಲೇ ನನಗೆ ಬೇರೆ ಕೆಲಸ ಹುಡುಕಿರುತ್ತಿದ್ದ. ನನ್ನ ಮಾತು ಅರ್ಧ ದಾರಿಯಲ್ಲಿರುವಾಗ ಅವನು ಕೊನೆ ಮುಟ್ಟಿ ಅಲ್ಲಿ ನನಗಾಗಿ ಕಾಯುತ್ತಿರುತ್ತಿದ್ದ. ಕೇಳಿಸಿಕೊಳ್ಳಲಿ ಎಂದಷ್ಟೇ ನನ್ನ ಆಸೆಯಾಗಿತ್ತು. ಹೇಳುವುದನ್ನೇ ನಿಲ್ಲಿಸಿದೆ. ಇಷ್ಟನ್ನು ನೀನು ಸರಿಯಾಗಿಯೇ ನೋಡಿದ್ದೀಯ. ಆದರೆ ಮೇ ತಿಂಗಳಲ್ಲಿ ನೋಡಿದೆ. ಫೆಬ್ರವರಿಯಲ್ಲಿ ನೋಡಬೇಕಿತ್ತು.

ಗುಡ್ ಫ್ರೈಡೇ ದಿನ ಅಂಗಡಿಗಳೆಲ್ಲ ಮುಚ್ಚಿದ್ದವು, ಮನೆಯಲ್ಲಿ ರೊಟ್ಟಿ ಮುಗಿದಿತ್ತು, ಮಾತಾಡಲು ಬೆಕ್ಕು ಬಿಟ್ಟರೆ ಯಾರೂ ಇಲ್ಲ. ನಿನ್ನ ಮೇಜಿನ ಮೇಲೆ ಆ ಪೆಟ್ಟಿಗೆ. ಒಂದೇ ಒಂದು ಕಾರ್ಡು ಎಂದು ತೆರೆದೆ. ದೀಪ, ಗಾಡಿಗಳು, ಬೂಟು ಎಲ್ಲ ಒಬ್ಬಳೇ ಬಿಡಿಸಿದೆ. ಖುಷಿಯಾಯಿತು ಅಮ್ಮ, ಎಷ್ಟು ದಿನದ ಮೇಲೆ ನನ್ನ ಉತ್ತರ ನಾನೇ ಹುಡುಕಿದ್ದೆ! ಆಮೇಲೆ ಕೊನೆಯ ಕಾರ್ಡು ಬಂತು. "ಇಲ್ಲಿಂದ ಮುಂದೆ ಇಬ್ಬರು ಬೇಕು." ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೆಂದರೆ ಮೋರ್ಲೆ ಮೇಜು ಹತ್ತಿ ಅದರ ಮೂಲೆ ಕಚ್ಚಿತು.

ಇಸ್ಪೀಟು ಆಡುವಾಗ ಅಜ್ಜಿಯ ಎಲೆಗಳನ್ನು ಇಣುಕಿ ನೋಡಿದೆನೆಂದು ನೀನು ನನಗೆ ಪ್ಲಮ್ ಕೇಕು ಕೊಡದೆ ಮಲಗಿಸಿದ್ದು ನೆನಪಿದೆಯೇ? ಆಟದಲ್ಲಿ ಮೋಸ ಮಾಡಿದರೆ ಆ ಮನೆಯಲ್ಲಿ ಜಾಗವಿಲ್ಲ. ಅದಕ್ಕೇ ಟೋರ್ಬೆನ್‌ಗೆ ಫೋನು ಮಾಡಿದೆ. ಅವನು ಮೀನು ಹುರಿಯುತ್ತಿದ್ದನಂತೆ. ನನ್ನ ಹೆಸರು ನೋಡಿ, ಎಲ್ಲ ಮುಗಿಯಿತು ಎಂದು ಹೇಳಲೆಂದೇ ಫೋನು ಮಾಡಿದ್ದಾಳೆ ಎಂದುಕೊಂಡು ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತನಂತೆ.

ನಾನು "ಒಂದು ಪೆನ್ಸಿಲ್ ತಗೋ. ಏನೂ ಕೇಳ್ಬೇಡ, ನಾನು ಹೇಳಿದ್ದನ್ನ ಬರಿ" ಎಂದೆ. "ಏನ್ ಬರೀಬೇಕು? ಕೊನೇಲಿ ಏನಾಗತ್ತೆ? ಅದನ್ನ ಮೊದ್ಲು ಹೇಳೇ" ಎಂದು ಶುರುಮಾಡಿದ. "ಕೊನೆ ಆಮೇಲೆ. ಈಗ ಮೇಲಿಂದ ಒಂದು ಗೆರೆ." ಎರಡು ಸಲ ನನಗಿಂತ ಮುಂದೆ ಓಡಿದ, ಎರಡು ಸಲವೂ ಚಿತ್ರ ಕೆಟ್ಟು ಹಾಳಾಯಿತು. ಕಾಗದ ಹರಿದ ಸದ್ದು ಕೇಳಿಸಿತು. ಮೂರನೆಯ ಸಲ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಹ್ಞೂಂ, ಆಮೇಲೆ?" ಆ "ಆಮೇಲೆ" ಎಂಬುದನ್ನು ಅವನ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಕೇಳುತ್ತಾ ಕೇಳುತ್ತಾ ನನಗೆ ಗೆರೆಗಳನ್ನು ಹೇಳುವುದೇ ಕಷ್ಟವಾಯಿತು.

ಸಂಖ್ಯೆ ಬಂದಾಗ ಚಿಕ್ಕ ಹುಡುಗನ ಹಾಗೆ ಕಿರುಚಿದ.  ಆಮೇಲೆ "ಹೇಳೋದು ಇನ್ನೇನಾದ್ರೂ ಇದ್ಯಾ?" ಎಂದು ಕೇಳಿದ. ಇದೆ ಎಂದೆ. ಮೋರ್ಲೆ ಊಟಕ್ಕೆ ಗಲಾಟೆ ಮಾಡುವವರೆಗೂ ಹೇಳಿದೆ. ನಡುವೆ ಬಾಯಿ ಹಾಕಬಾರದೆಂದು ಅವನು ಅಷ್ಟು ಹೊತ್ತೂ ಪೆನ್ಸಿಲು ಹಿಡಿದು ಬರೀ ಗೆರೆ ಎಳೆಯುತ್ತಾ ಕೂತಿದ್ದನಂತೆ. ಮರುದಿನ ಹುರಿದ ಮೀನು ಕಟ್ಟಿಕೊಂಡು ರೈಲಿನಲ್ಲಿ ಬಂದ. ನಾನು ಓದಿ ಹೇಳುವುದು, ಅವನು ಕೇಳುವುದು ಎಂದು ಆಟವನ್ನು ಮೊದಲ ಕಾರ್ಡಿನಿಂದ ಮತ್ತೆ ಆಡಿದೆವು, ಆಮೇಲೆ ಎಲ್ಲವನ್ನೂ ಇದ್ದ ಹಾಗೇ ಜೋಡಿಸಿಟ್ಟೆವು. ಸೂಟ್‌ಕೇಸು ಹೊತ್ತುಕೊಂಡು ಹೋದವನು ಅವನೇ.

ಅಷ್ಟರಲ್ಲಿ ನೀನು ಫೋನು ಮಾಡಿ "ಹೊಸ ಕಣ್ಣು ಅಂತ ಉಳಿದಿರೋದು ನೀವಿಬ್ರೇ" ಎಂದೆ. ಆಟ ನೋಡಿಬಿಟ್ಟಿದ್ದೇವೆ ಎಂದರೆ ಸೂಟ್‌ಕೇಸಿನ ಕತೆಯನ್ನೂ ಹೇಳಬೇಕು. ನೀನು ಎದೆಯ ತೊಂದರೆ ಗುಣವಾಗಲೆಂದು ಸಮುದ್ರದ ಗಾಳಿ ಕುಡಿದು ಆಗಷ್ಟೇ ಬಂದಿದ್ದೆ, ಹೇಗೆ ಹೇಳಲಿ? "ನಾಟಕ ಆಡೋಣ ಬಾರೇ, ಒಂದು ಮಧ್ಯಾಹ್ನ ತಾನೇ" ಎಂದ ಟೋರ್ಬೆನ್. ಅವನ ನಾಟಕ ನೀನೇ ನೋಡಿದೆಯಲ್ಲ! ಅವನು ಹಣೆ ಚಚ್ಚಿಕೊಂಡು "ಆಹಾ" ಎಂದಾಗ ನಗು ತಡೆಯಲಾಗದೆ ನಾನು ಬಾಯಿಗೆ ಕೈ ಅಡ್ಡ ಇಟ್ಟೆ. ಕಾರ್ಡು ನನ್ನ ಕೈಗೆ ಬಂದರೆ ನಾನು ನಕ್ಕು ಎಲ್ಲ ಕೆಡಿಸುತ್ತೇನೆಂದು ಹೆದರಿ ಅವನು ಕಿತ್ತುಕೊಳ್ಳುತ್ತಿದ್ದ. ಕೊನೆಯ ಚಿತ್ರ ಅವನಿಗೆ ಬಾಯಿಪಾಠ, ಅದಕ್ಕೇ ಕಾಫಿ ಆರಲಿಲ್ಲ.

ನಿನ್ನ ಪರೀಕ್ಷೆ ಹಾಳಾದದ್ದಕ್ಕೆ ಕ್ಷಮಿಸು. ನಮ್ಮ ಅಂಗಡಿಯ ಯಜಮಾನರೂ ಅವರ ಹೆಂಡತಿಯೂ ಇಂಥ ಆಟ ಕಂಡವರೇ ಅಲ್ಲ. ಮುಂದಿನ ಭಾನುವಾರ ಅವರನ್ನು ಕರೆತರುತ್ತೇನೆ. ಇಬ್ಬರೂ ವಾಚಾಳಿಗಳು, ನಿನ್ನ ಮೂಲೆ ಕುರ್ಚಿಗೆ ಒಳ್ಳೆಯ ಮನರಂಜನೆ.

ಎಲ್ಲ ಸರಿಹೋಯಿತು ಎಂದು ನಿನಗೆ ಹೇಳುವುದಿಲ್ಲ. ಟೋರ್ಬೆನ್ ಈಗಲೂ ಮುಂದೆ ಓಡುತ್ತಾನೆ. ಆಗ ಊಟದ ಮೇಜಿನ ಮೇಲಿರುವ ಪೆನ್ಸಿಲನ್ನು ಅವನ ಕಡೆ ತಳ್ಳುತ್ತೇನೆ. ಮುಖ ಸಿಂಡರಿಸಿಕೊಂಡು ತೆಗೆದುಕೊಳ್ಳುತ್ತಾನೆ. ಒಂದೊಂದು ದಿನ ತಳ್ಳುವುದಿಲ್ಲ, ಎಸೆಯುತ್ತೇನೆ.

ಆದರೆ ಆ ಬೀಗ ಮಾತ್ರ ತೆಗೆಯಬೇಡ ಅಮ್ಮ. ಡಬ್ಬಿಯ ಮೇಲೆ 'ಇಬ್ಬರಿಂದ ನಾಲ್ವರವರೆಗೆ' ಎಂದೇ ಇರಲಿ, ಅನ್ಸ್‌ಗರ್ ಎಷ್ಟಾದರೂ ಗೊಣಗಲಿ. ಆ ಕಾರ್ಡು ಇಬ್ಬರು ಬೇಕು ಎನ್ನದಿದ್ದರೆ ನಾನು ಆಟ ಮುಗಿಸಿ, ಬೆಕ್ಕಿಗೆ ಊಟ ಹಾಕಿ, ಹಬ್ಬ ಕಳೆದ ಮೇಲೆ ಬಾಡಿಗೆಗೆ ಒಂದು ಕೋಣೆ ಹುಡುಕಲು ಹೋಗುತ್ತಿದ್ದೆ.

ನಿನ್ನ ಮನೆಯ ಕೀಲಿ ನನ್ನ ಹತ್ತಿರವೇ ಇರಲಿ. ಗಾಬರಿಯಾಗಬೇಡ, ಈ ಸಲ ನಿಜವಾಗಿಯೂ ಬೆಕ್ಕಿಗೆ. ಇನ್ನೊಮ್ಮೆ ನಾನು ಬಾಯಿಗೆ ಕೈ ಅಡ್ಡ ಇಟ್ಟದ್ದು ಕಂಡರೆ ಮತ್ತೆ ಕೇಳು. ನೀನು ಕೇಳಿದೆ ಎಂದೇ ನಾನು ಅತ್ತದ್ದು.

ನಿನ್ನ
ವೀಬ್ಕೆ

ತಾ.ಕ. ಇದನ್ನು ಟೋರ್ಬೆನ್‌ಗೆ ಹೇಳಬೇಡ. ನಿನ್ನ ಪ್ಲಮ್ ಕೇಕು ಇನ್ನೊಂದು ಸಲ ತಪ್ಪಿದರೂ ಚಿಂತೆಯಿಲ್ಲ. ಅವನಿಗೆ ಫೋನು ಮಾಡುವ ಮೊದಲೇ ನಾನು ಆ ಗೋಡೆಯ ಚಿತ್ರ ನೋಡಿಕೊಂಡು ಒಂದು ಹಳೆಯ ಲಕೋಟೆಯ ಹಿಂದೆ ಬರೆದುಬಿಟ್ಟಿದ್ದೆ. ಸಂಖ್ಯೆ ಸಿಕ್ಕಿತ್ತು, ಬೀಗ ತೆರೆದಾಗಿತ್ತು. ಕಾರ್ಡನ್ನು ಇನ್ನೊಮ್ಮೆ ಓದಿದೆ. ಇಬ್ಬರು ಬೇಕು ಎಂದೇ ಇತ್ತು. ಲಕೋಟೆಯನ್ನು ಒಲೆಗೆ ಹಾಕಿ ಫೋನು ಎತ್ತಿಕೊಂಡೆ.