ಮಿಲ್ಫರ್ಡ್‌ಗೆ ಯಾವ ತಿಂಗಳು ಚಲೋ

ನೀಲಗಂಗಾ,

ಬ್ರಿಸ್ಬೇನಿನ ನಿನ್ನ ವಿಳಾಸ ನನ್ನ ಹತ್ತಿರ ಇದೆ. ಆದರೂ ಇದನ್ನು ಕಳಿಸುವುದಿಲ್ಲ.

ಇವತ್ತು ಮಧ್ಯಾಹ್ನ ವಚನಾ ಮನೆಗೆ ಬಂದಿದ್ದಳು. ನಮ್ಮ ವಾರ್ಡಿಗೆ ಹೊಸದಾಗಿ ಸೇರಿದ ಗದಗಿನ ನರ್ಸ್. "ಆಂಟಿ, ಮಿಲ್ಫರ್ಡ್ ಸೌಂಡಿಗೆ ಯಾವ ತಿಂಗಳು ಹೋದ್ರ ಚಲೋರೀ?" ಅಂದಳು. ದಕ್ಷಿಣ ದ್ವೀಪದ ಆ ಕಡಲಕೊಲ್ಲಿ ನೋಡಲು ಹೊರಡುವ ಇಲ್ಲಿ ಹ್ಯಾಮಿಲ್ಟನ್ನಿನ ಕನ್ನಡದವರೆಲ್ಲ ಇದನ್ನು ನನ್ನನ್ನೇ ಕೇಳುತ್ತಾರೆ. ನಾನೂ ಬಾಯಿಪಾಠ ಒಪ್ಪಿಸಿದೆ: ಜನವರಿಯಲ್ಲಿ ಹಗಲು ದೊಡ್ಡದು, ಆದರೆ ದೋಣಿ ತುಂಬ ಜನ, ಜುಲೈಯಲ್ಲಿ ಹಿಮದ ಬೆಟ್ಟ ಕಾಣುತ್ತದೆ, ಆದರೆ ದಾರಿ ಮುಚ್ಚಿದರೂ ಮುಚ್ಚಬಹುದು, ಮಳೆ ಬಂದರೆ ಬೇಜಾರಾಗಬೇಡ, ಬಂಡೆಬಂಡೆಯಿಂದ ನೀರು ಧುಮುಕುವುದು ಆವಾಗಲೇ.

ಎಲ್ಲ ನೀನು ಹೇಳಿದ್ದೇ. ನಾವಿಬ್ಬರೂ ಹೋಗಬೇಕಿದ್ದ ಏಪ್ರಿಲ್‌ನಲ್ಲೇ ಅತ್ತೆಗೆ ಡಯಾಲಿಸಿಸ್ ಶುರುವಾಯಿತು. ಸೋಮವಾರ, ಬುಧವಾರ, ಶುಕ್ರವಾರ. ಒಂಬತ್ತು ವರ್ಷವಾಯಿತು. "ಅವರವ್ವನ್ನ ನಾಕ್ ದಿನಾ ನಿನ್ನ ಗಂಡ ನೋಡ್ಕೊಳ್ಳಲಿ ಬಿಡ" ಎಂದು ನೀನು ಅಂದದ್ದಕ್ಕೆ ನಾನು ಸಿಡುಕಿದ್ದೆ. ನೀನು ಒಬ್ಬಳೇ ಹೋದೆ. ಅಲ್ಲಿಂದ ಕಳಿಸಿದ ಫೋಟೋಗಳಿಗೆ ನಾನು ಉತ್ತರ ಬರೆಯಲಿಲ್ಲ.

"ನೀವು ಯಾವಾಗ ಹೋಗಿದ್ರಿ ಆಂಟಿ?" ಎಂದಳು ವಚನಾ.

ನಾನು ಬಾಯಿ ತೆರೆಯುವ ಮೊದಲೇ ಕಿಟಕಿ ಪಕ್ಕದ ಕುರ್ಚಿಯಿಂದ ಅತ್ತೆ ಹೇಳಿದರು: "ಆಕಿ ಎಲ್ಲಿ ಹೋಗ್ಯಾಳವಾ. ನಾ ಕಣ್ಣು ಮುಚ್ಚಿದ ಮ್ಯಾಲೆ ಹೋಗ್ತಾಳ."

"ಹಂಗ್ಯಾಕ ಅಂತೀರಿ ಅತ್ತಿ" ಎನ್ನಬೇಕಿತ್ತು. ಅಷ್ಟೊತ್ತು ತಡೆಯಿಲ್ಲದೆ ಆಡಿದ ನಾಲಿಗೆ ಏಳಲೇ ಇಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತ ಕಾದರು, ಗಂಗಾ.

ಆಮೇಲೆ ವಚನಾಳ ಕಡೆ ತಿರುಗಿ, "ಚಾ ಕುಡಿಯವಾ, ಆರ್ತದ" ಎಂದರು.